ಅಡ್ವಾನ್ಸು ನುಂಗಿದ ಮೊಳೆ

ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆ ಮನೆ ಖಾಲಿ ಮಾಡುವ ದಿನ, ಮಾಲೀಕರು ಗೋಡೆಯ ಮೇಲಿನ ಒಂದು ಮೊಳೆಯ ತೂತಿಗೆ ಮೊಬೈಲಿನ ಬೆಳಕು ಹಿಡಿದು ಪರೀಕ್ಷಿಸಿ, ಸುಣ್ಣಬಣ್ಣದ ಖರ್ಚೆಂದು ಇಡೀ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಆ ಮೊಳೆ ನಾವು ಬರುವ ಮೊದಲೇ ಅಲ್ಲಿತ್ತು. ಅದಕ್ಕೆ ತೂಗಿದ್ದುದು ಅವರದೇ ಹಳೆಯ ಕ್ಯಾಲೆಂಡರು. ಕೇಳುವವರು ಯಾರು?

ತೋಳಹುಣಸೆಯ ಸ್ನಾತಕೋತ್ತರ ಕೇಂದ್ರವು 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾದದ್ದು ಹೆಮ್ಮೆಯ ಸಂಗತಿಯೇ. ಆದರೆ ಓದಲು, ಪಾಠ ಮಾಡಲು ಬಂದವರು ಎಲ್ಲಿ ನೆಲೆ ಊರಬೇಕು? ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ನೋಡಿ ಗೇಟು ತಟ್ಟಿದರೆ, ಮೊದಲು ಊರು, ನಂತರ ಜಾತಿ (ಅದನ್ನು ‘ನೀವು ಯಾವ ಪೈಕಿ?’ ಎಂದು ಬಹಳ ನಾಜೂಕಾಗಿ ಕೇಳುತ್ತಾರೆ), ಆಮೇಲೆ ಮೊಟ್ಟೆ ತಿನ್ನುವಿರಾ, ಮದುವೆಯಾಗಿದೆಯೇ, ನೆಂಟರಿಷ್ಟರು ಹೆಚ್ಚು ಬರುವರೇ ಎಂಬ ವಿಚಾರಣೆ ನಡೆಯುತ್ತದೆ. ಪಿಎಚ್‌ಡಿ ಮೌಖಿಕ ಪರೀಕ್ಷೆಯೂ ಇಷ್ಟು ಬೆವರಿಳಿಸುವುದಿಲ್ಲ. ಇದೆಲ್ಲ ದಾಟಿ ಒಳಗೆ ಹೋದರೆ, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಮೋಟಾರಿನ ಸ್ವಿಚ್ಚು ಮಾಲೀಕರ ಅಡುಗೆಮನೆಯಲ್ಲಿ. ತಲೆಗೆ ಸೋಪು ಹಚ್ಚಿದ ಹೊತ್ತಿಗೇ ನಲ್ಲಿ ಗುರ್ ಎನ್ನುತ್ತದೆ.

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಬೇಡವೆನ್ನುತ್ತದೆ. ಈ ಮಾತನ್ನು ನಮ್ಮ ಮಾಲೀಕರ ಮುಂದೆ ಎತ್ತಿದರೆ, ‘ಹಾಗಾದರೆ ದೆಹಲಿಯಲ್ಲೇ ಮನೆ ನೋಡಿಕೊಳ್ಳಿ’ ಎಂಬ ಉತ್ತರ ಸಿದ್ಧವಿರುತ್ತದೆ. ಒಂದು ವರ್ಷ ದಾಟಿದ ಕರಾರನ್ನು ನೋಂದಾಯಿಸಬೇಕಾದ್ದರಿಂದ ಎಲ್ಲರೂ 11 ತಿಂಗಳಿಗೇ ಬರೆಸುತ್ತಾರೆ. ಕರಾರು ನವೀಕರಿಸುವಾಗ ಬಾಡಿಗೆ ಏರುತ್ತದೆ, ಸೋರುವ ಬಚ್ಚಲುಮನೆ ಮಾತ್ರ ಹಾಗೆಯೇ ಸೋರುತ್ತಿರುತ್ತದೆ.