ಮಿಸ್ ಕಾಲ್ ಕೊಡೋದು

ಬಸ್ಸು ಮಿಸ್ ಆಗುತ್ತೆ, ರೈಲು ಮಿಸ್ ಆಗುತ್ತೆ, ಮದುವೆ ಊಟ ಮಿಸ್ ಆದ್ರಂತೂ ವಾರಗಟ್ಲೆ ಹೊಟ್ಟೆ ಉರಿಯುತ್ತೆ, ಆದ್ರೆ ಕಾಲ್ ಮಾತ್ರ ನಮ್ಮಲ್ಲಿ ಮಿಸ್ ಆಗಲ್ಲ ನೋಡಿ, ಅದನ್ನ ನಾವು ಕೊಡ್ತೀವಿ. "ಹೊರಟ ತಕ್ಷಣ ಒಂದು ಮಿಸ್ ಕಾಲ್ ಕೊಡಪ್ಪ." ಕೈತಪ್ಪಿ ಹೋಗೋದನ್ನೂ ಬಾಗಿನದ ಥರ ಕೊಡೋ ಜನ.

1995ರ ಜುಲೈ 31ಕ್ಕೆ ದೇಶದ ಮೊದಲ ಮೊಬೈಲ್ ಕರೆ ಕೋಲ್ಕತ್ತಾದಿಂದ ದಿಲ್ಲಿಗೆ ಹೋಯ್ತು, ಮಾಡಿದ್ದು ಆಗಿನ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಎತ್ತಿದ್ದು ಕೇಂದ್ರದ ಟೆಲಿಕಾಂ ಮಂತ್ರಿ ಸುಖ್ ರಾಮ್. ದೊಡ್ಡೋರು, ಎತ್ತಿದ್ರು. ನಮ್ಮನೇಲಾಗಿದ್ರೆ ಬೈಸ್ಕೋತಿದ್ರು. ಆಗ ಬಂದ ಕರೆಗೂ ದುಡ್ಡು ಕೊಡ್ಬೇಕಿತ್ತಲ್ಲ, 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯ್ತು ನೋಡಿ, ಮಿಸ್ ಕಾಲಿನ ಸುಗ್ಗಿ ಶುರುವಾಗಿದ್ದೇ ಅಲ್ಲಿಂದ, ಯಾಕಂದ್ರೆ ನಾನು ರಿಂಗ್ ಮಾಡಿ ಕಟ್ ಮಾಡಿದ್ರೆ ನಂಗೆ ಖರ್ಚಿಲ್ಲ, ನೀವು ವಾಪಸ್ ಮಾಡಿದ್ರೂ ನಂಗೆ ಖರ್ಚಿಲ್ಲ, ಬ್ಯಾಲೆನ್ಸ್ ಎಪ್ಪತ್ತು ಪೈಸೆ ಇಟ್ಕೊಂಡೇ ತಿಂಗಳು ದೂಡಬಹುದಿತ್ತು.

ನಾನು ಬೆಂಗಳೂರಿಂದ ತಿಪಟೂರಿಗೆ ಹೋಗೋವಾಗ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ್ರೆ ಒಂದು ರಿಂಗ್, ಕೆ.ಬಿ. ಕ್ರಾಸ್ ದಾಟಿದ್ರೆ ಇನ್ನೊಂದು. ಎರಡನೇದು ಬಿದ್ರೆ ಅಮ್ಮ ಅನ್ನಕ್ಕಿಡೋಳು, ಅಪ್ಪ ಗಾಡಿ ತಗೊಂಡು ಬಸ್‌ಸ್ಟ್ಯಾಂಡಿಗೆ ಬರೋರು. ಒಂದಕ್ಷರ ಮಾತಿಲ್ಲ. ಒಂದ್ಸಲ ಬೇಸಿಗೆ ರಜಕ್ಕೆ ಬಂದಿದ್ದ ಅತ್ತೆ ಮಗ ಚುರುಕಾಗಿ ಫೋನ್ ಎತ್ತಿ "ಹಲೋ ಯಾರು?" ಅಂದ್ಬಿಟ್ಟ, ನಂದು ಒಂದು ರೂಪಾಯಿ ಹೋಯ್ತು, ಮನೆಯವರೆಲ್ಲ ಅವನ ಮೇಲೆ ಬಿದ್ರು. ಪಾಪ, ಫೋನ್ ರಿಂಗಾದ್ರೆ ಎತ್ಬೇಕು ಅಂತ ಅವನಿಗೆ ಯಾರೋ ಹೇಳ್ಕೊಟ್ಟಿದ್ರು. ಎತ್ತದೇ ಇರೋದೇ ಮರ್ಯಾದೆ ಅನ್ನೋದು ಗೊತ್ತಿರಲಿಲ್ಲ.

ಇದರಲ್ಲಿ ದೊಡ್ಡೋರು ಚಿಕ್ಕೋರು ಲೆಕ್ಕಾನೂ ಇತ್ತು. ಕಾಲೇಜು ಹುಡುಗ ಮಾವನಿಗೆ ಕೊಡಬಹುದು, ಮಾವ ಹುಡುಗನಿಗೆ ಕೊಟ್ರೆ "ಎಂಥ ಜಿಪುಣ" ಅಂತಿದ್ರು. ಸಂಬಳ ಬರ್ತಿದ್ರೂ ಮಿಸ್ ಕಾಲ್ ಕೊಡೋ ಫ್ರೆಂಡ್ ಒಬ್ಬ ಪ್ರತಿ ಗುಂಪಲ್ಲೂ ಇರ್ತಿದ್ದ, ಈಗ ಅವನಿಗೆ ಸ್ವಂತ ಮನೆ ಇದೆ, ಆಶ್ಚರ್ಯ ಏನಿಲ್ಲ.

ಫೋನ್ ಕಂಪನಿಗೆ ಇದರಿಂದ ಒಂದು ಪೈಸೆ ಹುಟ್ಟಲ್ಲ, ಟವರ್ ಅವರದ್ದು, ಭಾಷೆ ನಮ್ಮದು. ಆಮೇಲೆ ಬುದ್ಧಿವಂತರಿಗೆ ಹೊಳೀತು. ಬೆಂಗಳೂರಿನಲ್ಲೇ ಜಿಪ್‌ಡಯಲ್ ಅಂತ ಕಂಪನಿಯೊಂದು ಮಿಸ್ ಕಾಲ್ ಮೇಲೇ ಬಿಸಿನೆಸ್ ಕಟ್ಟಿ 2015ರಲ್ಲಿ ಟ್ವಿಟರ್‌ಗೆ ಮಾರ್ತು. 2011ರಲ್ಲಿ ಅಣ್ಣಾ ಹಜಾರೆಗೆ ಬೆಂಬಲ ಅಂದ್ರೆ ಮಿಸ್ ಕಾಲ್, ಆಮೇಲೆ ಪಾರ್ಟಿ ಸೇರೋಕೂ ಮಿಸ್ ಕಾಲ್. ಅನ್ನಕ್ಕಿಡು ಅನ್ನೋ ರಿಂಗು ಮೆಂಬರ್‌ಶಿಪ್ ಆಗೋಯ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಮಾತೇ ಫ್ರೀ ಅಂದ್ಮೇಲೆ ಇನ್ಯಾಕೆ ಕಟ್ ಮಾಡೋದು. ಅಷ್ಟೊತ್ತಿಗೆ ವಾಟ್ಸಾಪ್‌ನಲ್ಲಿ ನೀಲಿ ಟಿಕ್ಕೂ ಬಂದು ಎರಡು ವರ್ಷ ಆಗ್ತಾ ಬಂದಿತ್ತು. ಮೊದಲು ಉತ್ತರ ಕೊಡದಿದ್ರೆ ತಿಳೀತು ಅಂತ ಅರ್ಥ, ಈಗ ನೀಲಿ ಬಿದ್ದು ಉತ್ತರ ಇಲ್ಲಾಂದ್ರೆ "ನೋಡಿದೀಯ, ರಿಪ್ಲೈ ಮಾಡಕ್ಕೇನು ಧಾಡಿ?" ಈಗ ಅಮ್ಮನ ಫೋನಲ್ಲಿ ನನ್ನವು ಎರಡು ಮಿಸ್ ಕಾಲ್ ಕಂಡ್ರೆ ಅನ್ನಕ್ಕಿಡಲ್ಲ, ಗಾಬರಿ ಬಿದ್ದು ಅಕ್ಕನಿಗೆ, ಭಾವನಿಗೆ, ನಮ್ಮ ಓನರ್ರಿಗೆ ಎಲ್ಲರಿಗೂ ಫೋನ್ ಹಚ್ತಾಳೆ.

ಹಳೇ ಮರ್ಯಾದೆ ಉಳಿಸ್ಕೊಂಡಿರೋದು ಚಿಕ್ಕಪ್ಪನ ಬೋರ್‌ವೆಲ್ ಮೋಟ್ರು ಒಂದೇ. ತೋಟದಲ್ಲಿ ಸಿಮ್ ಹಾಕಿರೋ ಸ್ಟಾರ್ಟರ್ ಇದೆ, ತ್ರೀಫೇಸ್ ಬಂದ್ರೆ ಅದೇ ರಿಂಗ್ ಮಾಡುತ್ತೆ. ಮೊನ್ನೆ ಮದುವೇಲಿ ಧಾರೆ ಟೈಮಿಗೆ ಸರಿಯಾಗಿ ಚಿಕ್ಕಪ್ಪನ ಜೇಬು ಬಡ್ಕೊಳ್ತು, ಸ್ಕ್ರೀನ್ ಮೇಲೆ "ಮೋಟ್ರು" ಅಂತಿತ್ತು, ಪಕ್ಕದಲ್ಲಿದ್ದೋರು ಎತ್ತಿ ಎತ್ತಿ ಅಂದ್ರು. ಚಿಕ್ಕಪ್ಪ ಕಟ್ ಮಾಡಿ, "ಏನಿಲ್ಲ, ಕರೆಂಟ್ ಬಂತಂತೆ" ಅಂತ ಅಕ್ಷತೆ ಹಾಕಿದ್ರು.