ಶತ್ರುಗೆ ಬಿಟ್ಟು ಬೇರೆ ಯಾರಿಗೂ ಹೇಳ್ಬೇಡಿ

1945ರ ಏಪ್ರಿಲ್ 12ಕ್ಕೆ ಅಮೆರಿಕದ ಪ್ರೆಸಿಡೆಂಟ್ ರೂಸ್‌ವೆಲ್ಟ್ ತೀರ್ಕೊಂಡ್ರು, ವೈಸ್ ಪ್ರೆಸಿಡೆಂಟ್ ಆಗಿದ್ದ ಟ್ರೂಮನ್ ಸಾಹೇಬ್ರು ಅದೇ ಸಂಜೆ ಪ್ರಮಾಣವಚನ ತಗೊಂಡ್ರು, ಆಮೇಲೆ ಯುದ್ಧಮಂತ್ರಿ ಸ್ಟಿಮ್ಸನ್ ಬಂದು ಟ್ರೂಮನ್ ಕಿವಿಯಲ್ಲಿ ನಮ್ದೊಂದು ಭಾರಿ ಬಾಂಬ್ ತಯಾರಾಗ್ತಿದೆ ಅಂತ ಮೆಲ್ಲಗೆ ಸುಳಿವು ಕೊಟ್ರು. ಅದು ಅಣುಬಾಂಬ್ ಅನ್ನೋ ಪೂರ್ತಿ ಕಥೆ ಹೇಳಿದ್ದು ಏಪ್ರಿಲ್ 25ಕ್ಕೆ! ಸುಮಾರು 200 ಕೋಟಿ ಡಾಲರ್ ಸುರಿದು, ಲಕ್ಷಕ್ಕೂ ಹೆಚ್ಚು ಜನ ಹಗಲು ರಾತ್ರಿ ದುಡೀತಿದ್ದ ಕೆಲಸ ಅದು, ದೇಶದ ನಂಬರ್ ಟು ಮನುಷ್ಯನಿಗೇ ಗೊತ್ತಿರ್ಲಿಲ್ಲ. ಪಾಪ 1943ರಲ್ಲಿ ಸೆನೆಟರ್ ಆಗಿದ್ದಾಗ್ಲೇ ಇದೇನಪ್ಪ ಇಷ್ಟೊಂದು ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಕೇಳೋಕೆ ಹೋಗಿದ್ರು, ಇದೇ ಸ್ಟಿಮ್ಸನ್ ಫೋನಲ್ಲಿ ಅದು ಬಹಳ ಸೀಕ್ರೆಟ್, ತಲೆ ಹಾಕ್ಬೇಡಿ ಅಂದಿದ್ರು.

ಆದ್ರೆ ಸ್ಟಾಲಿನ್‌ಗೆ ಗೊತ್ತಿತ್ತು ಕಣ್ರೀ.

ಬಾಂಬ್ ತಯಾರಾಗ್ತಿದ್ದ ಲಾಸ್ ಅಲಮೋಸ್ ಪ್ರಯೋಗಾಲಯದ ಒಳಗೆ ಕೂತಿದ್ದ ವಿಜ್ಞಾನಿ ಕ್ಲೌಸ್ ಫುಕ್ಸ್ ಗುಟ್ಟು ಕಳಿಸ್ತಿದ್ದ, ಇನ್ನೂ 20 ತುಂಬದ ಹುಡುಗ ಟೆಡ್ ಹಾಲ್ ಕೊಡ್ತಿದ್ದ, ವರ್ಕ್‌ಶಾಪಲ್ಲಿ ಲೇತ್ ತಿರುಗಿಸ್ತಿದ್ದ ಗ್ರೀನ್‌ಗ್ಲಾಸ್ ಕೂಡ ತನ್ನ ಕೈಲಾದ ಸೇವೆ ಮಾಡ್ತಿದ್ದ. ಆ ಗ್ರೀನ್‌ಗ್ಲಾಸ್‌ಗೆ ಗುರುತು ಏನು ಗೊತ್ತಾ, ಜೆಲ್ಲಿ ಪುಡಿ ಡಬ್ಬಿಯ ರಟ್ಟಿನ ಎರಡು ತುಂಡು, ಒಂದು ಇವನ ಹತ್ರ, ಇನ್ನೊಂದು ತಗೊಂಡು ಬಂದವನು ನಮ್ಮವನು ಅಂತ ಲೆಕ್ಕ. ಬೇಲಿ, ಕಾವಲು, ಪಾಸು, ಪತ್ರ ಒಡೆದು ಓದೋದು, ಏನೇನೋ ಬಂದೋಬಸ್ತು. ಎಲ್ಲಾನೂ ರಟ್ಟಿನ ತುಂಡೊಂದು ದಾಟ್ಕೊಂಡು ಹೋಯ್ತು. ಜುಲೈ 24ಕ್ಕೆ ಪಾಟ್ಸ್‌ಡ್ಯಾಮ್‌ನಲ್ಲಿ ಟ್ರೂಮನ್ ಏನೋ ದೊಡ್ಡ ಬಾಂಬ್ ಹಾಕೋನ ಥರ ಸ್ಟಾಲಿನ್ ಹತ್ರ ಹೋಗಿ ನಮ್ಮತ್ರ ಒಂದು ಹೊಸ ಆಯುಧ ಇದೆ ಅಂದ್ರು, ಆ ಪುಣ್ಯಾತ್ಮ ಎಮ್ಮೆ ಮೇಲೆ ಮಳೆ ಸುರಿದಂಗೆ ನಿಂತಿದ್ದ. ಇವನಿಗೆ ಅರ್ಥ ಆಗ್ಲಿಲ್ಲ ಅಂದ್ಕೊಂಡ್ರು ಇವರು. ಅಲ್ಲ ಸ್ವಾಮಿ, ನಿಮಗಿಂತ ಮೊದ್ಲೇ ಓದಿ ಮುಗ್ಸಿದಾನೆ!

ಹಾಗಂತ ಕಮ್ಯುನಿಸ್ಟ್ ಕಡೆಯವರು ಬಹಳ ಬುದ್ಧಿವಂತರು ಅಂತ ಖುಷಿ ಪಡೋದೇನೂ ಬೇಡ. ಅಲ್ಲಿ ಬಾಂಬ್ ಕೆಲಸದ ಮುಖ್ಯಸ್ಥ ಕುರ್ಚಟೋವ್, ಕದ್ದು ತಂದ ಕಾಗದ ಓದ್ತಿದ್ರು, ಆದ್ರೆ ಜೊತೆಗಿದ್ದ ಹೆಚ್ಚಿನ ವಿಜ್ಞಾನಿಗಳಿಗೆ ಅದು ಎಲ್ಲಿಂದ ಬಂತು ಅಂತ ಹೇಳೋ ಹಾಗಿಲ್ಲ. ಮೇಷ್ಟ್ರು ಗೈಡ್ ಜೇಬಲ್ಲಿಟ್ಕೊಂಡು ಬೋರ್ಡ್ ಮೇಲೆ ಲೆಕ್ಕ ಬಿಡಿಸಿದಂಗೆ. ಇವರ ಸ್ವಂತ ಡಿಸೈನ್ ಒಂದಿತ್ತು, ಅದು ಬೇಡ, ಮೊದಲು ಅಮೆರಿಕದ್ದನ್ನೇ ಕಾಪಿ ಹೊಡೀರಿ ಅಂತ ಆಯ್ತು, ಯಾಕಂದ್ರೆ ಫೇಲ್ ಆದ್ರೆ ಮೇಲೆ ಕೂತು ಉಸ್ತುವಾರಿ ನೋಡ್ತಿದ್ದ, ಗೂಢ ಪೊಲೀಸರ ಹಳೇ ಯಜಮಾನ ಬೇರಿಯಾ ಸಾಹೇಬ್ರು ಮಾರ್ಕ್ಸ್ ಕಟ್ ಮಾಡಿ ಸುಮ್ನಾಗೋರಲ್ಲ. 1949ರ ಆಗಸ್ಟ್ 29ಕ್ಕೆ ಬಾಂಬ್ ಢಮಾರ್ ಅಂತು. ಮಾಸ್ಕೋ ಬಾಯಿ ಬಿಡ್ಲಿಲ್ಲ. ಕಮ್ಚಟ್ಕಾ ಹತ್ರ ಗಾಳಿ ಸೋಸ್ತಾ ಹಾರ್ತಿದ್ದ ಅಮೆರಿಕದ ವಿಮಾನಕ್ಕೆ ಧೂಳು ಸಿಕ್ತು, ಸೆಪ್ಟೆಂಬರ್ 23ಕ್ಕೆ ಜಗತ್ತಿಗೆ ಸಾರಿ ಹೇಳಿದ್ದು ಯಾರು? ಟ್ರೂಮನ್! ಎರಡು ದಿನ ಬಿಟ್ಟು ಸೋವಿಯತ್ ಸುದ್ದಿಸಂಸ್ಥೆ ಟಾಸ್ ಹೇಳ್ತು, ನಮ್ಮಲ್ಲಿ ದೊಡ್ಡ ದೊಡ್ಡ ಕಟ್ಟೋ ಕೆಲಸ ನಡೀತಿದೆ, ಬಂಡೆ ಗಿಂಡೆ ಸಿಡಿಸ್ತಿರ್ತೀವಿ, ಬೈ ದ ವೇ ಬಾಂಬ್ ಗುಟ್ಟು ನಮಗೆ 1947ರಿಂದಾನೇ ಗೊತ್ತು ಅಂತ. ಅಂದ್ರೆ ತಮ್ಮ ದೇಶದ ಬಾಂಬ್ ಸುದ್ದಿನ ಸೋವಿಯತ್ ಪ್ರಜೆ ಶತ್ರು ದೇಶದ ಪ್ರೆಸಿಡೆಂಟ್ ಕೃಪೆಯಿಂದ ತಿಳ್ಕೋಬೇಕಾಯ್ತು.

ನಂಗೆ ಎಲ್ಲಕ್ಕಿಂತ ಇಷ್ಟ ಬರ್ಲಿನ್ ಸುರಂಗ. ಸಿಐಎ ಮತ್ತು ಬ್ರಿಟನ್‌ನ ಎಂಐ6 ಸೇರಿ ಪಶ್ಚಿಮ ಬರ್ಲಿನ್‌ನಿಂದ ಪೂರ್ವಕ್ಕೆ ನೆಲದಡಿ ಸುಮಾರು 450 ಮೀಟರ್ ಹೆಗ್ಗಣದ ಥರ ಕೊರೆದು, ಸೋವಿಯತ್ ಸೈನ್ಯದ ಟೆಲಿಫೋನ್ ಕೇಬಲ್‌ಗೆ ಕಿವಿ ಕೊಟ್ಟು ಕೂತ್ರು. ಈ ಪ್ಲಾನ್ ಮಾಡೋಕೆ ಲಂಡನ್‌ನಲ್ಲಿ ಮೀಟಿಂಗ್ ನಡೆದಾಗ ಮಿನಿಟ್ಸ್ ಬರ್ಕೊಂಡ ಮನುಷ್ಯ ಜಾರ್ಜ್ ಬ್ಲೇಕ್. ಅವನು ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಯ ಗೂಢಚಾರ! ಅಂದ್ರೆ ಮೊದಲ ಗುದ್ದಲಿ ಬೀಳೋ ಮುಂಚೆನೇ ಮಾಸ್ಕೋಗೆ ಫೇರ್ ಕಾಪಿ ಹೋಗಿದೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಜಾತ್ರೆಗೆ ಹೋದ್ರಂತೆ, ಆ ಕಥೆ.

ಇಲ್ಲಿಗೆ ಮುಗೀಲಿಲ್ಲ. ಕೆಜಿಬಿ ಏನ್ ಮಾಡ್ತು ಹೇಳಿ, ಬ್ಲೇಕ್ ಸಿಕ್ಕಿಬೀಳ್ಬಾರ್ದು ಅಂತ ಬಾಯ್ಮುಚ್ಕೊಂಡು ಕೂತ್ಕೊಂಡ್ತು, ಬರ್ಲಿನ್‌ನಲ್ಲಿದ್ದ ತನ್ನದೇ ಸೈನ್ಯಕ್ಕೂ ಹೇಳ್ಲಿಲ್ಲ. 1955ರ ಮೇ ತಿಂಗಳಿಂದ ಹನ್ನೊಂದು ತಿಂಗಳು ಸೋವಿಯತ್ ಆಫೀಸರ್‌ಗಳು ಫೋನಲ್ಲಿ ಹರಟ್ತಾ ಇದ್ರು, ಅಮೆರಿಕದವರು ಸಾವಿರಾರು ಟೇಪ್ ತುಂಬಿಸ್ತಾ ಇದ್ರು, ಕೆಜಿಬಿ ಎರಡೂ ಕಡೆನೂ ನೋಡ್ತಾ ಕೂತಿತ್ತು. 1956ರ ಏಪ್ರಿಲ್‌ನಲ್ಲಿ ಅಯ್ಯಯ್ಯೋ ಇಲ್ಲೊಂದು ಸುರಂಗ ಇದೆಯಲ್ಲ ಅಂತ ಆಕಸ್ಮಿಕವಾಗಿ ಕಂಡ್ಹಿಡಿದಂಗೆ ನಾಟಕ ಆಡಿ ಪತ್ರಕರ್ತರನ್ನೆಲ್ಲ ಕರ್ಸಿ ತೋರಿಸಿದ್ರು. ಪಶ್ಚಿಮದ ಪೇಪರ್‌ಗಳು, ಥೂ ನಾಚಿಕೆಗೇಡು ಅನ್ನೋ ಬದಲು, ವಾಹ್ ಎಂಥಾ ಸುರಂಗ ತೋಡಿದಾರೆ ನಮ್ಮ ಹುಡುಗ್ರು ಅಂತ ಹೊಗಳಿದ್ವು. ತುಂಬಿಸಿದ ಟೇಪ್ ಕೇಳಿ ಬರ್ಕೊಳ್ಳೋ ಕೆಲಸ ಸುರಂಗ ಮುಚ್ಚಿದ ಮೇಲೂ 1958ರ ತನಕ ನಡೀತು (ಸರ್ಕಾರಿ ಆಫೀಸಲ್ಲಿ ಪೆಂಡಿಂಗ್ ಫೈಲ್ ಅಂದ್ರೆ ಎಲ್ಲಾ ಕಡೆನೂ ಒಂದೇ). ಬ್ಲೇಕ್‌ಗೆ 1961ರಲ್ಲಿ 42 ವರ್ಷ ಜೈಲು ಆಯ್ತು, 1966ರಲ್ಲಿ ಹಗ್ಗದ ಏಣಿ ಹತ್ತಿ ಗೋಡೆ ಹಾರಿ ಪರಾರಿ, 2020ರ ತನಕ ಮಾಸ್ಕೋದಲ್ಲಿ ಪೆನ್ಷನ್ ತಗೊಂಡು ಆರಾಮಾಗಿದ್ದ. ಆ ಏಣಿಯ ಮೆಟ್ಟಿಲು ಸ್ವೆಟರ್ ಹೆಣಿಯೋ ಕಡ್ಡಿಯಿಂದ ಮಾಡಿದ್ದು.

ಸೋವಿಯತ್ ಗೂಢಚಾರರ ಗುಪ್ತ ಸಂಕೇತದ ಟೆಲಿಗ್ರಾಂಗಳನ್ನ ಅಮೆರಿಕದವರು ಬಿಡಿಸಿ ಓದ್ತಿದ್ದ ವೆನೋನಾ ಅನ್ನೋ ಪ್ರಾಜೆಕ್ಟ್ ಕಥೆನೂ ಇಷ್ಟೇ, ಎಂಐ6 ಒಳಗಿದ್ದುಕೊಂಡೇ ಮಾಸ್ಕೋಗೆ ದುಡೀತಿದ್ದ ಕಿಮ್ ಫಿಲ್ಬಿ ಕೃಪೆಯಿಂದ ಮಾಸ್ಕೋಗೆ ಅದು 1940ರ ದಶಕ ಮುಗಿಯೋದ್ರೊಳಗೆ ಗೊತ್ತಾಯ್ತು, ಅಮೆರಿಕದ ಜನಕ್ಕೆ ಸರ್ಕಾರ ಹೇಳಿದ್ದು 1995ರಲ್ಲಿ. ಅಷ್ಟೊತ್ತಿಗೆ ಸೋವಿಯತ್ ಒಕ್ಕೂಟನೇ ಇರ್ಲಿಲ್ಲ. ಇನ್ನೂ ಯಾರಿಂದ ಮುಚ್ಚಿಟ್ಟಿದ್ರೋ ಅವರನ್ನೇ ಕೇಳ್ಬೇಕು.

ಇದೆಲ್ಲ ಅವರವರ ಜಗಳ ನಮಗೇನು ಅನ್ಬೇಡಿ, ನಮ್ಮ ಪಾಲಿಗೂ ಪ್ರಸಾದ ಬಂದಿದೆ. 1964ರಲ್ಲಿ ಚೀನಾ ಬಾಂಬ್ ಸಿಡಿಸ್ತು, ಅದರ ಮೇಲೆ ಕಣ್ಣಿಡ್ಬೇಕು ಅಂತ ಸಿಐಎ ಮತ್ತು ನಮ್ಮ ಇಂಟೆಲಿಜೆನ್ಸ್ ಬ್ಯೂರೋ ಸೇರಿ 1965ರಲ್ಲಿ ಕಣ್ಣಿಡೋ ಯಂತ್ರಕ್ಕೆ ಕರೆಂಟ್ ಕೊಡೋಕೆ ವಿಕಿರಣ ಸೂಸೋ ಪ್ಲುಟೋನಿಯಂನಿಂದ ನಡೆಯೋ ಜನರೇಟರ್ ಒಂದನ್ನ ನಂದಾದೇವಿ ಶಿಖರಕ್ಕೆ ಹೊರಿಸಿದ್ರು. 7,816 ಮೀಟರ್ ಎತ್ತರ. ಹಿಮಗಾಳಿ ಜೋರಾಯ್ತು, ಸರಿ ಬಿಡಿ ಮುಂದಿನ ವರ್ಷ ನೋಡ್ಕೊಳ್ಳೋಣ ಅಂತ ಮಧ್ಯದಲ್ಲೇ ಕಟ್ಟಿಟ್ಟು ಇಳಿದ್ರು. ಮುಂದಿನ ವರ್ಷ ಹೋಗಿ ನೋಡಿದ್ರೆ ಮಾಲು ನಾಪತ್ತೆ! ಕೆಳಗೆ ಹರಿಯೋ ನೀರು ಗಂಗೆಗೆ ಸೇರೋದು. ನಮಗೆ ಗೊತ್ತಾಗಿದ್ದು 1978ರಲ್ಲಿ, ಅದೂ ಅಮೆರಿಕದ ಪತ್ರಿಕೆಯೊಂದು ಬರೆದ ಮೇಲೆ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಲ್ಲಿ ಹೌದು ಅಂದಾಗ.

2021ರ ಫೆಬ್ರವರಿಯಲ್ಲಿ ನಂದಾದೇವಿ ಕಡೆಯಿಂದ ಹರಿಯೋ ರಿಷಿಗಂಗಾ ನದಿ ಉಕ್ಕಿ ಬಂದಾಗ ಅಲ್ಲಿನ ಹಳ್ಳಿಯವರು ಮೊದಲು ಕೇಳಿದ್ದು ಆ ಡಬ್ಬಿ ಸಿಡೀತಾ ಅಂತ. ವಿಜ್ಞಾನಿಗಳು ಇಲ್ಲ, ಬೆಟ್ಟದ ಬಂಡೆ ಮತ್ತು ಹಿಮ ಕುಸಿದಿದ್ದು ಅಂದ್ರು, ಸರಿ. ಹಾಗಾದ್ರೆ ಡಬ್ಬಿ ಎಲ್ಲಿ ಅಂದ್ರೆ ಅದಕ್ಕೆ ಉತ್ತರ ಇಲ್ಲ, ಶತ್ರು ಮಿತ್ರ ಯಾರ ಹತ್ರಾನೂ ಇಲ್ಲ, ಇಡೀ ಶೀತಲ ಸಮರದಲ್ಲಿ ನಿಜವಾಗ್ಲೂ ಗುಟ್ಟಾಗಿ ಉಳಿದಿದ್ದು ಇದೊಂದೇ ಇರ್ಬೇಕು. ಅದನ್ನ ಬೆಟ್ಟ ಹತ್ತಿಸಿದ ಪೋರ್ಟರ್‌ಗಳು, ಡಬ್ಬಿ ಯಾವಾಗ್ಲೂ ಬೆಚ್ಚಗಿರುತ್ತೆ ಅಂತ ರಾತ್ರಿ ಅದರ ಪಕ್ಕದಲ್ಲೇ ಒತ್ತಿಕೊಂಡು ಕೂತು ಚಳಿ ಕಾಯಿಸ್ಕೊಳ್ತಿದ್ರಂತೆ.