ಫೀಸು ಕಟ್ಟಿದವರಿಗೆ ಅಂಕ ತೋರಿಸಬೇಕಾ?

"ಫೀಸು ಕಟ್ಟೋದು ನಾವು, ಮಗನ ಅಂಕ ಮಾತ್ರ ನಮಗೆ ಹೇಳಲ್ಲ ಅಂದ್ರೆ ಹೇಗೆ?" ಎಂಬ ಅಮೆರಿಕದ ಪೋಷಕರ ದೂರು, ಕಾಲೇಜು ಓದುವ ಮಕ್ಕಳ ಅಂಕ ಪೋಷಕರಿಗೆ ಸಿಗದಿರುವ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿದೆ. ಬೇಸರ ಸಹಜ. ಆದರೆ ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳ ಗೋಪ್ಯತೆ ಕಾಯುವ ಅಲ್ಲಿನ 1974ರ ಫರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದು, ವಯಸ್ಸು 17 ಆಗಿದ್ದರೂ ಸರಿ. ತೆರಿಗೆ ಲೆಕ್ಕದಲ್ಲಿ ಮಗ ಅವಲಂಬಿತನಾಗಿದ್ದರೆ ಕಾಲೇಜು ಪೋಷಕರಿಗೆ ತೋರಿಸಬಹುದು. ತೋರಿಸಲೇಬೇಕು ಅಂತೇನಿಲ್ಲ.

ನನಗೆ ಜಾಸ್ತಿ ಚಿಂತೆ ಬೇರೆಯದು. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲವನ್ನೂ 'ಡೈರೆಕ್ಟರಿ ಮಾಹಿತಿ' ಅಂತ ಸೇರಿಸಿ ಕಾಲೇಜು ಒಪ್ಪಿಗೆ ಕೇಳದೆಯೇ ಹೊರಗಿನವರಿಗೆ ಕೊಡಬಹುದು. ಬೇಡ ಅಂತ ವಿದ್ಯಾರ್ಥಿಯೇ ಬರೆದುಕೊಡಬೇಕು. ಅಡ್ಮಿಷನ್ ಗಡಿಬಿಡಿಯಲ್ಲಿ ಆ ನೋಟಿಸನ್ನು ಯಾರು ಓದುತ್ತಾರೆ, ಹೇಳಿ? ಕಾಲೇಜು ಈ ಕಾನೂನು ಮುರಿದರೂ ಅದರಡಿ ವಿದ್ಯಾರ್ಥಿ ನೇರವಾಗಿ ದಾವೆ ಹೂಡುವಂತಿಲ್ಲ, 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹಾಗಂದಿದೆ. ಶಿಕ್ಷಣ ಇಲಾಖೆಗೆ ದೂರು ಕೊಟ್ಟು ಕಾಯಬೇಕು, ಅಷ್ಟೇ.